ಶ್ವಾನಾಕರ್ಷಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಹೇಳದಿದ್ದರೆ ಪಂಡಿತರು ಪುಸ್ತಕ ಮುಚ್ಚುತ್ತಾರೆ. ಹೇಳಿದರೆ ಉಳಿದವರು ಮುಚ್ಚುತ್ತಾರೆ. ಆದರೂ ಸಂಪ್ರದಾಯ ಬಿಡುವಂತಿಲ್ಲ.

ಈ ಪ್ರಬಂಧದ ವಿಷಯ, 25 ಕಿಲೋ ಮೀರಿದ, ವಾಕಿಂಗಿಗೆ ಕರೆದುಕೊಂಡು ಹೊರಟವರನ್ನು ತಾನೇ ಕರೆದುಕೊಂಡು ಹೋಗುವ ನಾಯಿ. ಪ್ರಯೋಜನ, ಹೊರಡುವಾಗ ಇದ್ದಷ್ಟೇ ಉದ್ದದ ತೋಳಿನೊಂದಿಗೆ ಮನೆಗೆ ಮರಳುವುದು. ಸಂಬಂಧ, ಆರಡಿಯ ಲೀಶು. ಅಧಿಕಾರಿ, ಒಮ್ಮೆಯಾದರೂ ನಾಯಿಯ ಹಿಂದೆ ದಾಪುಗಾಲು ಹಾಕುತ್ತಾ ಎದುರು ಬಂದವರಿಗೆಲ್ಲ “ಏನೂ ಮಾಡಲ್ಲ, ಏನೂ ಮಾಡಲ್ಲ” ಎಂದು ಕೂಗಿದವರು. ಈ ಮಹಾವಾಕ್ಯವನ್ನು ಉಚ್ಚರಿಸದವರಿಗೆ ಮುಂದಿನ ಪ್ರಕರಣಗಳನ್ನು ಓದುವ ಅಧಿಕಾರವಿಲ್ಲ. ಬೆಕ್ಕು ಸಾಕಿದವರು ಇಲ್ಲಿಗೇ ನಿಲ್ಲಿಸಬಹುದು.

ಇತಿಹಾಸ ಪ್ರಕರಣ

ಸೂತ್ರ: ಪೂರ್ವಿಕರು ನಾಯಿಯನ್ನು ಬಲ್ಲರು, ಲೀಶಿನ ಮಾತೆತ್ತರು.

ವೃತ್ತಿ: ಎಳೆಯದೆ ನಡೆದ ನಾಯಿಯ ಹೆಸರಾಂತ ದಾಖಲೆಯೊಂದು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಹಸ್ತಿನಾವತಿಯಿಂದ ಹೊರಟ ಪಾಂಡವರ ಬೆನ್ನಿಗೆ ಬಿದ್ದ ನಾಯಿಯೊಂದು ಧರ್ಮರಾಯನ ಜೊತೆ ಕೊನೆಯವರೆಗೂ ನಡೆಯುತ್ತದೆ. ಹೆಂಡತಿ, ತಮ್ಮಂದಿರು ದಾರಿಯಲ್ಲಿ ಬಿದ್ದರೂ ನಾಯಿ ಮುಂದೆ ಓಡಲಿಲ್ಲ, ಮರದ ಬುಡ ಮೂಸಲು ನಿಲ್ಲಲಿಲ್ಲ, ಇನ್ನೊಂದು ನಾಯಿಯನ್ನು ಕಂಡು ಗುರ್ರೆನ್ನಲಿಲ್ಲ. ಇಷ್ಟು ಶಿಸ್ತಿನ ಪ್ರಾಣಿ ನಾಯಿಯಾಗಿರಲಾರದು ಎಂಬ ಸಂಶಯ ಲ್ಯಾಬ್ರಡಾರ್ ಸಾಕಿದ ಯಾರಿಗಾದರೂ ಮೊದಲ ಫರ್ಲಾಂಗಿನಲ್ಲೇ ಬರುತ್ತಿತ್ತು. ಧರ್ಮರಾಯನಿಗೆ ಅದು ಸಾಕ್ಷಾತ್ ಧರ್ಮದೇವತೆಯೆಂದು ತಿಳಿದದ್ದು ಸ್ವರ್ಗದ ಬಾಗಿಲಲ್ಲಿ. ಅದನ್ನು ಎಲ್ಲರೂ ಧರ್ಮಪರೀಕ್ಷೆ ಎನ್ನುತ್ತಾರೆ. ನಮ್ಮ ಮತದಲ್ಲಿ ಅದು ತಳಿಪರೀಕ್ಷೆ.

ಕನ್ನಡದ ಆಧಾರ ಇದಕ್ಕಿಂತ ಗಟ್ಟಿ, ಏಕೆಂದರೆ ಕಲ್ಲಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ಹತ್ತನೆಯ ಶತಮಾನದ ನಡುವಿನ ಈ ಸಂಗತಿಯನ್ನು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹೇಳುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮೇಲೆ ಬಿಡುವ ಮುನ್ನ ಯಾರೋ ಕಾಳಿಯನ್ನು ಹಿಡಿದುಕೊಂಡಿರಲೇಬೇಕು. ಯಾವುದರಿಂದ ಹಿಡಿದಿದ್ದರು? ಬೆಲ್ಟೋ, ಹಗ್ಗವೋ, ಬರಿಗೈಯೋ? ಶಾಸನ ಮೌನ. ಈ ಮೌನದ ಮೇಲೆ ಎರಡು ಪಿಎಚ್‌ಡಿಗಳಿಗೂ ಒಂದು ರಾಷ್ಟ್ರೀಯ ವಿಚಾರ ಸಂಕಿರಣಕ್ಕೂ ಸಾಕಾಗುವಷ್ಟು ಜಾಗವಿದೆ. ಅಲ್ಲಿಯವರೆಗೆ, ಅದೇ ವಸ್ತುಸಂಗ್ರಹಾಲಯದ ಹಿಂದಿನ ಕಬ್ಬನ್ ಪಾರ್ಕಿನಲ್ಲಿ ಕಾಳಿಯ ದೂರದ ನೆಂಟರು ಭಾನುವಾರ ಬೆಳಿಗ್ಗೆ ಯಾರನ್ನು ಹೇಗೆ ಎಳೆಯುತ್ತಾರೆಂಬುದನ್ನು ನೋಡಿ ಕ್ಷೇತ್ರಕಾರ್ಯ ಮಾಡಬಹುದು.

ಕಾರಣ ಪ್ರಕರಣ

ಸೂತ್ರ: ಎಳೆದರೆ ಸಿಗುತ್ತದೆ, ಆದ್ದರಿಂದ ಎಳೆಯುತ್ತದೆ.

ವೃತ್ತಿ: ನಾಯಿ ತಾನು ನಾಯಕನೆಂದು ಸಾರಲು ಎಳೆಯುತ್ತದೆ ಎಂಬುದು ಪೂರ್ವಪಕ್ಷ. ಈ ವಾದ ಮಂಡಿಸುವವರ ಮನೆಯಲ್ಲಿ ನಾಯಕರು ಯಾರೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ನಿಜವಾದ ಕಾರಣಗಳು ಸರಳ. ಮನುಷ್ಯ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾನೆ. ದೊಡ್ಡ ನಾಯಿಯ ಸಹಜ ಕುಣಿನಡಿಗೆ ಅದಕ್ಕಿಂತ ವೇಗ. ಮೊಬೈಲು ನೋಡುತ್ತಾ ನಡೆದರೆ ಅಂತರ ಇನ್ನೂ ಹೆಚ್ಚು. ಎರಡನೆಯದು, ಮೈಯ ಒಂದು ಕಡೆ ಒತ್ತಡ ಬಿದ್ದರೆ ಅದಕ್ಕೆ ಎದುರಾಗಿ ತಳ್ಳುವುದು ಪ್ರಾಣಿಸಹಜ. ನಾವು ಹಿಂದಕ್ಕೆ ಎಳೆದಷ್ಟೂ ಅದು ಮುಂದಕ್ಕೆ ಒರಗುತ್ತದೆ. 1904ರಲ್ಲಿ ನೊಬೆಲ್ ಪಡೆದ ಪಾವ್ಲೋವ್ ಜೊಲ್ಲಿನ ಪ್ರಯೋಗಗಳಿಗೆ ಪ್ರಸಿದ್ಧರು. ಪ್ರಯೋಗಕ್ಕೆ ಕಟ್ಟಿಹಾಕಿದಲ್ಲಿ ನಿಲ್ಲಲೊಪ್ಪದೆ ಕೊಸರಾಡಿದ ನಾಯಿಯೊಂದನ್ನು ಕಂಡು, ಇದಕ್ಕೆ ಸ್ವಾತಂತ್ರ್ಯದ ಪ್ರತಿವರ್ತನೆ ಇದೆ ಎಂದೂ ಅವರು ಬರೆದರು. ನಮ್ಮಲ್ಲಿ ಇದನ್ನೇ ಕೊಬ್ಬು ಎನ್ನುತ್ತಾರೆ.

ಮೂರನೆಯದೇ ಮುಖ್ಯ. ನಾಯಿ ಕೋಳಿ ಅಂಗಡಿಯತ್ತ ಎಳೆಯಿತು, ನಾವು ನಾಲ್ಕು ಹೆಜ್ಜೆ ಅದರ ಹಿಂದೆ ಹೋದೆವು, ಅಂಗಡಿ ಹತ್ತಿರವಾಯಿತು. ಎಳೆದದ್ದಕ್ಕೆ ಕೂಲಿ ಸಂದಾಯವಾಯಿತು. ದಿನಕ್ಕೆ ಎರಡು ಹೊತ್ತು ಕೂಲಿ ಕೊಟ್ಟು, ಕೆಲಸ ಯಾಕೆ ಮಾಡುತ್ತದೆ ಎಂದು ಕೇಳುವುದು ನ್ಯಾಯವಲ್ಲ.

ಭೌತಶಾಸ್ತ್ರವೂ ನಾಯಿಯ ಪಕ್ಷ. ನಾಲ್ಕು ಕಾಲು, ಉಗುರಿನ ಹಿಡಿತ, ನೆಲಕ್ಕೆ ಹತ್ತಿರದ ಗುರುತ್ವ ಕೇಂದ್ರ. 35 ಕಿಲೋ ಜರ್ಮನ್ ಶೆಫರ್ಡ್ ಒಂದು ತುದಿಯಲ್ಲಿ, ಮಳೆ ಬಿದ್ದ ಫುಟ್‌ಪಾತಿನ ಮೇಲೆ ಸವೆದ ಹವಾಯಿ ಚಪ್ಪಲಿ ಇನ್ನೊಂದು ತುದಿಯಲ್ಲಿ, ನಡುವೆ ಪಾರ್ಕ್ ಮಾಡಿದ ಸ್ಕೂಟರಿನ ಕೆಳಗಿಂದ ಎದ್ದ ಬೀದಿನಾಯಿ. ಉತ್ತರ ಲೆಕ್ಕ ಹಾಕಿ ತಿಳಿಯುವಂಥದಲ್ಲ, ಮೊಣಕೈ ನೋಡಿ ತಿಳಿಯುವಂಥದು.

ದರ್ಶನ ಪ್ರಕರಣ

ಸೂತ್ರ: ಕಂಠ, ಕಂಟಕ, ಉರ, ನಾಸಿಕ ಎಂದು ಮತಗಳು ನಾಲ್ಕು.

ವೃತ್ತಿ: ಮೊದಲನೆಯದು ಕಂಠಮತ. ಇದು ಬಹುಜನರ ಧರ್ಮ. ಅಂಗಡಿಯಲ್ಲಿ ‘ನಾಯಿ ಬೆಲ್ಟು’ ಎಂದರೆ ಕೊಡುವುದು ಇದನ್ನೇ. ಚಪ್ಪಟೆ ಬೆಲ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಹೋಗಬೇಕು, ಅಗಲವಾಗಿದ್ದಷ್ಟೂ ಒತ್ತಡ ಹಂಚಿಹೋಗುತ್ತದೆ ಎಂಬವರೆಗೆ ಇದರಲ್ಲಿ ತಪ್ಪಿಲ್ಲ. ಆದರೆ ಕೊರಳೆಂದರೆ ಬೆಲ್ಟು ಕಟ್ಟಲು ಬಿಟ್ಟ ಜಾಗವಲ್ಲ. ಶ್ವಾಸನಾಳ, ಥೈರಾಯ್ಡ್, ತಲೆಯಿಂದ ರಕ್ತ ಇಳಿಯುವ ನಾಳಗಳು ಎಲ್ಲ ಅಲ್ಲೇ ಇವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಯಿ ಬೆಲ್ಟಿನ ವಿರುದ್ಧ ಎಳೆದಾಗ ಕಣ್ಣೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್ಸಿನ ವಿರುದ್ಧ ಎಳೆದಾಗ ಹಾಗಾಗುವುದಿಲ್ಲ ಎಂದು ತೋರಿಸಿತು. 2020ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಕೃತಕ ಕುತ್ತಿಗೆಯೊಂದಕ್ಕೆ ಬಗೆಬಗೆಯ ಬೆಲ್ಟು ಕಟ್ಟಿ ಎಳೆದು ನೋಡಿ, ಜೋರಾಗಿ ಎಳೆಯುವ ನಾಯಿಗೆ ಯಾವ ಬೆಲ್ಟೂ ಅಪಾಯಮುಕ್ತವಲ್ಲ, ಮೆತ್ತೆ ಹಾಕಿದ್ದೂ ಅಲ್ಲ ಎಂದರು. ಬೆಲ್ಟು ಹೆಸರಿನ ಬಿಲ್ಲೆ ತೂಗುಹಾಕಲು ಯೋಗ್ಯ. ಲಾರಿ ನಿಲ್ಲಿಸುವ ಬಲವನ್ನು ಅದರ ಮೇಲೆ ಹೇರುವುದು ಅಯೋಗ್ಯ.

ಈ ಮತದಲ್ಲಿ ಒಂದು ಗೌರವಾನ್ವಿತ ಉಪಶಾಖೆಯುಂಟು: ಮಾರ್ಟಿಂಗೇಲ್. ಎಳೆದಾಗ ಸ್ವಲ್ಪವೇ ಬಿಗಿದು ನಿಲ್ಲುವ ಬೆಲ್ಟಿದು. ನಮ್ಮ ಮುಧೋಳ ನಾಯಿಯಂಥ, ತಲೆ ಕುತ್ತಿಗೆಗಿಂತ ಸಪೂರವಾದ ಬೇಟೆನಾಯಿಗಳಿಗೆ ಇದು ಬೇಕೇ ಬೇಕು. ಸಾಮಾನ್ಯ ಬೆಲ್ಟಿನಿಂದ ಮುಧೋಳ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ತಲೆ ತಗ್ಗಿಸಿತೆಂದರೆ ನಮ್ಮ ಕೈಯಲ್ಲಿ ಉಳಿಯುವುದು ಬೆಲ್ಟು ಮಾತ್ರ. 2005ರಲ್ಲಿ ಅಂಚೆ ಇಲಾಖೆ ಈ ತಳಿಯನ್ನು ಸ್ಟಾಂಪಿನ ಮೇಲೆ ಅಂಟಿಸಿತು. ಅದನ್ನು ಒಂದು ಕಡೆ ನಿಲ್ಲಿಸಿದ ಖ್ಯಾತಿ ಈವರೆಗೆ ಅಂಚೆಯವರದು.

ಇನ್ನು ಚೋಕ್ ಚೈನು. ಎಳೆದಷ್ಟೂ ಬಿಗಿಯುವ, ಎಲ್ಲಿ ನಿಲ್ಲಬೇಕೆಂದು ತಿಳಿಯದ ಸರಪಣಿ. ಇದನ್ನು ಹಾಕಿದ ನಾಯಿ ಎಳೆಯುವುದನ್ನು ಬಿಡುವುದಿಲ್ಲ, ಕೆಮ್ಮುತ್ತಾ ಎಳೆಯುತ್ತದೆ.

ಎರಡನೆಯದು ಕಂಟಕಮತ: ಒಳಮುಖವಾಗಿ ಮುಳ್ಳು ಮೊಳೆತ ಬೆಲ್ಟು. ನೋವಾಗುವುದಿಲ್ಲ ಎಂದು ಇದರ ಅನುಯಾಯಿಗಳು ಹೇಳುತ್ತಾರೆ. ನೋವಾಗದಿದ್ದರೆ ಮುಳ್ಳು ಯಾಕೆ ಎಂದು ಕೇಳಿದರೆ ತರಬೇತಿಗೆ ಎನ್ನುತ್ತಾರೆ. ಜರ್ಮನಿ 2022ರಿಂದ ತರಬೇತಿಯಲ್ಲಿ ಇಂಥ ಬೆಲ್ಟುಗಳನ್ನು ನಿಷೇಧಿಸಿದೆ. ಜರ್ಮನ್ ಶೆಫರ್ಡನ್ನು ಸೃಷ್ಟಿಸಿದ ದೇಶಕ್ಕೇ ಅದನ್ನು ನಡೆಸಲು ಮುಳ್ಳು ಬೇಡವಾದ ಮೇಲೆ, ನಮ್ಮ ಬಡಾವಣೆಗಳಲ್ಲಿ ಈ ಮತದ ಖಂಡನೆಗೆ ಹೆಚ್ಚು ಶಾಯಿ ಬೇಡ.

ಮೂರನೆಯದು ಉರೋಮತ, ಅಂದರೆ ಹಾರ್ನೆಸ್. ಕೊಂಡಿ ಬೆನ್ನ ಮೇಲಿದೆಯೋ ಎದೆಯ ಮುಂದಿದೆಯೋ ಎಂಬುದರ ಮೇಲೆ ಇದು ಎರಡಾಗಿ ಒಡೆದಿದೆ. ಬೆನ್ನುಕೊಂಡಿಯವರು ಕೊರಳನ್ನು ಉಳಿಸಿದ ಪುಣ್ಯವಂತರು, ಆದರೆ ಅವರ ತೋಳಿನ ಗತಿ ದೇವರಿಗೇ ಪ್ರೀತಿ. ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗೆ ಕಟ್ಟುವುದೂ ಎದೆಗೆ ಒತ್ತಿ ಹಿಂದಿನಿಂದ ಎಳೆಸುವ ಇಂಥದೇ ಪಟ್ಟಿಗಳನ್ನು. ಮೈತೂಕವನ್ನೆಲ್ಲ ಎದೆಗೆ ಕೊಟ್ಟು ಆರಾಮವಾಗಿ ಎಳೆಯಲಿ ಎಂದೇ ಅದರ ವಿನ್ಯಾಸ. ಬಂಡಿಯ ಬದಲು ಜಯನಗರದ ನಿವೃತ್ತ ಅಧಿಕಾರಿಯೊಬ್ಬರನ್ನು ಕಟ್ಟಿದರೆ ನಾಯಿಗೆ ವ್ಯತ್ಯಾಸ ತಿಳಿಯದು. ಎದೆಕೊಂಡಿಯಲ್ಲಿ ಹಾಗಲ್ಲ. ಮುಂದಕ್ಕೆ ನುಗ್ಗಿದರೆ ಲೀಶು ಎದೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ನಾಯಿ ನಮ್ಮತ್ತ ಮುಖ ಮಾಡಿ ನಿಲ್ಲುತ್ತದೆ. ಪಟ್ಟಿ ಭುಜದ ಕೀಲಿಗೆ ಅಡ್ಡ ಬಾರದಂತೆ, ಕಂಕುಳು ಉಜ್ಜದಂತೆ ಕೂರಬೇಕೆಂಬುದಷ್ಟೇ ಇಲ್ಲಿನ ನಿಯಮ.

ನಾಲ್ಕನೆಯದು ನಾಸಾಮತ, ಹೆಡ್‌ಕಾಲರ್. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟನ್ನಿನ ರೋಜರ್ ಮಗ್‌ಫರ್ಡ್ ರೂಪಿಸಿದ ಹಾಲ್ಟಿ, ಅಮೆರಿಕದ ಪಶುವೈದ್ಯ ಆರ್. ಕೆ. ಆಂಡರ್ಸನ್ ಮತ್ತು ತರಬೇತುಗಾರ್ತಿ ರೂತ್ ಫಾಸ್ಟರ್ ರೂಪಿಸಿದ ಜೆಂಟಲ್ ಲೀಡರ್ ಇದರ ಪ್ರಸಿದ್ಧ ಶಾಖೆಗಳು. ಎತ್ತಿಗೆ ಮೂಗುದಾರ ಹಾಕಿದ ನಾಡಿಗೆ ತತ್ವ ಹೊಸದಲ್ಲ: ತಲೆ ತಿರುಗಿದತ್ತ ಮೈ ತಿರುಗುತ್ತದೆ. ಇಲ್ಲಿ ಮೂಗು ಚುಚ್ಚುವುದಿಲ್ಲ, ಬಾಯಿಗೆ ಕಬ್ಬಿಣ ಇಡುವುದಿಲ್ಲ ಎಂಬುದು ವಿಶೇಷ. ಕತ್ತಿನ ಬಲ ಎಷ್ಟಿದ್ದರೂ ಮೂತಿಯ ತುದಿಯಲ್ಲಿ ನಾಯಿ ಬಡಪಾಯಿ. 45 ಕಿಲೋ ರಾಟ್‌ವೈಲರನ್ನು 45 ಕಿಲೋ ಅಜ್ಜಿ ನಡೆಸುವುದು ಸಾಧ್ಯವಾದರೆ ಈ ಮತದಿಂದಲೇ.

ಆದರೆ ತೊಡಿಸುವ ವಿಧಿಯಲ್ಲಿ ಲೋಕ ಎಡವುತ್ತದೆ. ಕತ್ತಿನ ಪಟ್ಟಿ ಕಿವಿಯ ಹಿಂದೆ ಎತ್ತರದಲ್ಲಿ, ಒಂದು ಬೆರಳು ಹೋಗುವಷ್ಟು ಬಿಗಿಯಾಗಿ ಕೂರಬೇಕು. ಮೂತಿಯ ಕುಣಿಕೆ ಸಡಿಲವಾಗಿ, ಮೂಗಿನ ಕಪ್ಪು ತೊಗಲಿನವರೆಗೆ ಜಾರುವಂತೆ, ಆದರೆ ಕಳಚದಂತೆ ಇರಬೇಕು. ಜನ ಮಾಡುವುದು ತಿರುಗಾಮುರುಗಾ: ಪಾಪ ಎಂದು ಕತ್ತಿನಲ್ಲಿ ಸಡಿಲ ಬಿಡುತ್ತಾರೆ, ಭಯವೆಂದು ಮೂತಿಯಲ್ಲಿ ಬಿಗಿಯುತ್ತಾರೆ. ಹತ್ತು ನಿಮಿಷದಲ್ಲಿ ಪಟ್ಟಿ ಕಣ್ಣಿಗೆ ಬರುತ್ತದೆ, ನಾಯಿ ಮುಂಗಾಲಿನಿಂದ ಅದನ್ನು ಕೆರೆಯುತ್ತದೆ, ಹುಲ್ಲಿಗೆ ಮುಖ ಉಜ್ಜುತ್ತದೆ, ಹುಲ್ಲಿಲ್ಲದಿದ್ದರೆ ನಮ್ಮ ಇಸ್ತ್ರಿ ಮಾಡಿದ ಪ್ಯಾಂಟಿಗೆ.

ಆದ್ದರಿಂದ ದೀಕ್ಷೆ ನಿಧಾನವಾಗಲಿ. ಕುಣಿಕೆಯನ್ನು ಒಂದು ಕೈಯಲ್ಲಿ ಹಿಡಿದು, ಅದರ ಆಚೆ ಬೇಯಿಸಿದ ಕೋಳಿಯ ಚೂರು ಹಿಡಿಯಿರಿ. ಮೂತಿ ತಾನಾಗಿ ಒಳಬರುತ್ತದೆ. ಒಂದೆರಡು ವಾರ ಮನೆಯೊಳಗೇ ಇದು ನಡೆಯಲಿ, ಬೀದಿ ಆಮೇಲೆ. ನಿಷೇಧಗಳೂ ಇವೆ: ಜಗ್ಗಬಾರದು, ಎಳೆದಂತೆಲ್ಲ ಉದ್ದವಾಗುವ ಲೀಶು ಕಟ್ಟಬಾರದು, ಏಕೆಂದರೆ ಓಡಿದ ನಾಯಿ ಅದರ ತುದಿಯಲ್ಲಿ ತಟ್ಟನೆ ನಿಂತರೆ ಕತ್ತು ತಿರುಚುತ್ತದೆ. ಪಗ್, ಬಾಕ್ಸರ್‌ಗಳಂಥ ಮೋಟುಮೂತಿಯವಕ್ಕೆ ಈ ಮತ ಹೇಳಿಸಿದ್ದಲ್ಲ.

ಲೋಕಾಪವಾದ ಪ್ರಕರಣ

ಸೂತ್ರ: ಪಟ್ಟಿ ಮೂತಿಗೇರಿದರೆ ನಾಯಿಗೆ ಕಚ್ಚುವ ಖ್ಯಾತಿ ಬರುತ್ತದೆ.

ವೃತ್ತಿ: ಹೆಡ್‌ಕಾಲರ್ ತೊಟ್ಟ ನಾಯಿ ಬಾಯಿ ತೆರೆಯಬಲ್ಲದು, ನಾಲಿಗೆ ಚಾಚಿ ತೇಕಬಲ್ಲದು, ನೀರು ಕುಡಿಯಬಲ್ಲದು, ಪಾರ್ಲೆ-ಜಿ ಮೆಲ್ಲಬಲ್ಲದು. ಆದರೂ ದಾರಿಹೋಕರ ಕಣ್ಣಿಗೆ ಅದು ಬಾಯಿಕುಕ್ಕೆಯೇ. ಪಾರ್ಕಿನ ಗೇಟಿನಲ್ಲಿ ನಡೆಯುವ ಸಂವಾದ ಹೀಗಿರುತ್ತದೆ:

“ಕಚ್ಚತ್ತಾ ಮೇಡಂ?”

“ಇಲ್ಲ ಅಂಕಲ್, ಎಳೆಯತ್ತೆ ಅಷ್ಟೆ.”

“ಮತ್ತೆ ಬಾಯಿ ಕಟ್ಟಿದೀರಲ್ಲ!”

“ಬಾಯಿ ಕಟ್ಟಿಲ್ಲ ಅಂಕಲ್, ನೋಡಿ ಬಿಸ್ಕತ್ತು ತಿಂತಾ ಇದೆ.”

“ಪಾಪ, ಮೂಕಪ್ರಾಣಿ. ಹಾಗೆಲ್ಲ ಕಟ್ಟಬಾರದಮ್ಮ.”

ಇದೇ ಅಂಕಲ್ ಪಕ್ಕದಲ್ಲೇ ಚೋಕ್ ಚೈನಿಗೆ ಕಣ್ಣು ಮೇಲುಗಣ್ಣಾಗಿ ಕೆಮ್ಮುತ್ತಾ ಹೋದ ನಾಯಿಯನ್ನು ನೋಡಿ “ಒಳ್ಳೇ ಜಾತಿ ನಾಯಿ” ಎಂದಿದ್ದರು. ಕೊರಳಿನ ಸರಪಣಿ ಯಾರಿಗೂ ಕಾಣುವುದಿಲ್ಲ, ಮೂತಿಯ ನೈಲಾನು ಎಲ್ಲರಿಗೂ ಕಾಣುತ್ತದೆ. ನಾಸಾಮತಕ್ಕೆ ಸೇರುವವರು ಈ ಅಪವಾದವನ್ನು ದಿನವೂ ಕೇಳಲು ಸಿದ್ಧರಿರಬೇಕು.

ಸಿದ್ಧಾಂತ ಪ್ರಕರಣ

ಸೂತ್ರ: ಪಟ್ಟಿ ಹಿಡಿಯುತ್ತದೆ, ಕಲಿಸುವುದಿಲ್ಲ.

ವೃತ್ತಿ: ನಾಲ್ಕೂ ಮತಗಳ ಒಂದು ಸಮಾನ ದೋಷವೆಂದರೆ, ಕೆಲಸ ಪಟ್ಟಿಯದೆಂದು ನಂಬಿರುವುದು. ಎದೆಕೊಂಡಿಯೋ ಹೆಡ್‌ಕಾಲರೋ ನಮಗೆ ಕೊಡುವುದು ಬೀಳದೆ ನಿಲ್ಲುವಷ್ಟು ಅವಕಾಶ. ಆ ಅವಕಾಶದಲ್ಲಿ ನಿಲ್ಲಬೇಕಾದವರು ನಾವು. ಲೀಶು ಬಿಗಿಯಾದ ಕ್ಷಣ ನಿಂತುಬಿಡಿ. ಬೈಯುವುದು ಬೇಡ, ಜಗ್ಗುವುದು ಬೇಡ. ನಾಯಿ ತಿರುಗಿ ನೋಡಿ ಲೀಶು ಸಡಿಲವಾದರೆ ಒಂದು ಚೂರು ತಿಂಡಿ, ಮತ್ತೆ ನಡಿಗೆ. ಮೊದಲ ದಿನ ಪಕ್ಕದ ಮನೆಯ ಗೇಟು ದಾಟಲಾಗದು; ನೆರೆಯವರು ಮನೆ ಮರೆತಿರಾ ಎಂದು ಕೇಳುತ್ತಾರೆ. ಇದೇ ಸಾಧನೆ.

ಅಮ್ಮ ನಿಲ್ಲುವುದು, ಮಗ ಓಡುವುದು, ಅಪ್ಪ ಫೋನಿನಲ್ಲಿರುವುದು ಮಾತ್ರ ಆಗಬಾರದು. ಒಮ್ಮೊಮ್ಮೆ ಮಾತ್ರ ಸಿಗುವ ಕೂಲಿಗೆ ನಾಯಿ ದಿನವೂ ಸಿಗುವ ಕೂಲಿಗಿಂತ ಹೆಚ್ಚು ಹಟದಿಂದ ದುಡಿಯುತ್ತದೆ. ಲಾಟರಿ ಟಿಕೆಟು ಕೊಳ್ಳುವವರೂ ಹಾಗೆಯೇ. ಮನೆಮಂದಿಯೆಲ್ಲ ಒಂದೇ ನಿಯಮಕ್ಕೆ ಬರುವುದು ಈ ಶಾಸ್ತ್ರದ ಅತ್ಯಂತ ಕಠಿಣ ಭಾಗ. ಇದಕ್ಕೆ ಯಾವ ಕಂಪನಿಯೂ ಇನ್ನೂ ಪಟ್ಟಿ ಹೊಲಿದಿಲ್ಲ.

ಫಲಶ್ರುತಿ

ಇದನ್ನು ಭಕ್ತಿಯಿಂದ ಓದಿದ ಮಾತ್ರಕ್ಕೆ ನಾಯಿ ನಾಳೆಯಿಂದ ಎಳೆಯುವುದನ್ನು ಬಿಡುವುದಿಲ್ಲ. ಕತ್ತು, ಮೂತಿ, ಎದೆಯ ಅಳತೆಯನ್ನು ಟೇಪಿನಲ್ಲಿ ತೆಗೆದು, ಅದಕ್ಕೆ ಹೊಂದುವ ಎದೆಕೊಂಡಿಯ ಹಾರ್ನೆಸ್ಸನ್ನೋ ಹೆಡ್‌ಕಾಲರನ್ನೋ ತಂದು, ನಿಧಾನವಾಗಿ ರೂಢಿ ಮಾಡಿಸಿ, ಲೀಶು ಬಿಗಿದಾಗಲೆಲ್ಲ ನಿಂತವರ ನಾಯಿ ಕ್ರಮೇಣ ಬಿಡುತ್ತದೆ. ಇದಕ್ಕಿಂತ ಬೇಗ ಕೆಲಸ ಮುಗಿಸಿಕೊಡುವ ಪಟ್ಟಿ ತಮ್ಮಲ್ಲಿದೆ ಎನ್ನುವ ಅಂಗಡಿಯವರು ಸಿಕ್ಕರೆ, ದಯವಿಟ್ಟು ಅದನ್ನು ಕೊಳ್ಳಬೇಡಿ.