ಕುದುರೆ ನಿಂತಲ್ಲಿ ಕಥೆ: ಕೊರೋಚಿ ಪಂಥದ ಕಾವ್ಯಮೀಮಾಂಸೆ

ರೇಸಿನ ಕಾದಂಬರಿಯನ್ನು ಸವಿಯಬೇಕಾದರೆ ಹತ್ತಿರದಲ್ಲೊಂದು ರೇಸ್‌ಕೋರ್ಸ್ ಇರಬೇಕೆಂಬುದು ಪೂರ್ವಪಕ್ಷ. ಪುಣೆ, ಮುಂಬಯಿ, ಬೆಂಗಳೂರು, ಮೈಸೂರಿನ ವಿದ್ವಾಂಸರೆಲ್ಲ ಈ ಮತದವರೆಂದು ನಾನೇ ಊಹಿಸಿಕೊಂಡು, ಅದನ್ನು ಇಲ್ಲಿ ಖಂಡಿಸುತ್ತಿದ್ದೇನೆ. ಪ್ರಮಾಣ: ಇಚಲಕರಂಜಿ ಮಗ್ಗುಲಿನ ಕೊರೋಚಿ. ಇಲ್ಲಿ ರೇಸ್‌ಕೋರ್ಸ್ ಇಲ್ಲ, ಪವರ್‌ಲೂಮ್ ಇವೆ. ಕ್ಷೇತ್ರಕಾರ್ಯದ ವ್ಯಾಪ್ತಿ ಒಂದು ಪುಸ್ತಕ, ಒಂದು ಚಹಾದಂಗಡಿ, ಒಬ್ಬ ಓದುಗ. ಆ ಓದುಗ ನಾನೇ ಆದ್ದರಿಂದ ಸಮೀಕ್ಷೆಯಲ್ಲಿ ಶೇ. 100 ಒಮ್ಮತ ಮೂಡಿದೆ.

ಮೊದಲು ಶಬ್ದವಿಚಾರ. ಕುದುರೆಯ ಗೊರಸಿಗೆ ಹೊಡೆಯುವುದು ಲಾಳ, ಮಗ್ಗದಲ್ಲಿ ಅತ್ತಿತ್ತ ಓಡುವುದು ಲಾಳಿ. ನಿಘಂಟುಕಾರರು ಇವೆರಡನ್ನೂ ಬೇರೆ ಮಾಡಿದ್ದು ಅವರು ಮಗ್ಗದ ಶೆಡ್ಡಿನ ಪಕ್ಕ ಕೂತು ಓದದ ಕಾರಣಕ್ಕೆ. ಓದಿದ್ದರೆ ಪುಟದೊಳಗಿನ ಖಟಖಟ ಯಾವುದು, ಗೋಡೆಯಾಚೆಯದು ಯಾವುದು ಎಂಬ ಭೇದವೇ ಅಳಿದು ಅಲ್ಲಿಯೇ ಅದ್ವೈತ ಸಿದ್ಧಿಸುತ್ತಿತ್ತು. 1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಗೆ ಮೊದಲ ಪವರ್‌ಲೂಮ್ ತಂದದ್ದು ರೇಸಿನ ಕಾದಂಬರಿಕಾರ ಡಿಕ್ ಫ್ರಾನ್ಸಿಸ್‌ನ ಓದುಗರಿಗಾಗಿಯೇ ಎನ್ನಲು ಆಧಾರವಿಲ್ಲ. ಅಲ್ಲ ಎನ್ನಲೂ ಇಲ್ಲ. ಫ್ರಾನ್ಸಿಸ್ ಹುಟ್ಟಿದ್ದೇ 1920ರಲ್ಲಿ ಎಂಬ ಆಕ್ಷೇಪ ತೀರ ಕ್ಷುಲ್ಲಕ.

ಈಗ ಸಿದ್ಧಾಂತ: ಕುದುರೆ ಓಡಿದರೆ ವರದಿ, ನಿಂತರೆ ಕಥೆ.

ಲಕ್ಷ್ಮೀಶನಿಗೆ ಇದು ಗೊತ್ತಿತ್ತು. ಜೈಮಿನಿ ಭಾರತದ ಯಜ್ಞಾಶ್ವವನ್ನು ಯಾರೂ ತಡೆಯದಿದ್ದರೆ ಕಾವ್ಯ ಹತ್ತು ಪದ್ಯಕ್ಕೇ ಮುಗಿಯುತ್ತಿತ್ತು. ಹಂಸಧ್ವಜನ ಊರಲ್ಲಿ ಕಟ್ಟಿದರು, ಸುಧನ್ವನ ಕಥೆ ಸಿಕ್ಕಿತು. ಮಣಿಪುರದಲ್ಲಿ ಕಟ್ಟಿದರು, ಬಭ್ರುವಾಹನ ಸಿಕ್ಕಿದ. ಕಟ್ಟುವವರಿಲ್ಲದ ಕಡೆ ಕುದುರೆ ತಾನಾಗಿಯೇ ಹೋಗಿ ಬಂಡೆಗೆ ಅಂಟಿಕೊಂಡಿತು. ಗಂಡ ಹೇಳಿದ್ದಕ್ಕೆಲ್ಲ ತಿರುಗಿ ನಡೆದು ಶಾಪದಿಂದ ಕಲ್ಲಾದ ಚಂಡಿ ಅದು. ಕವಿಯ ಕಷ್ಟ ಕುದುರೆಗೂ ತಿಳಿದಿತ್ತು.

1956ರ ಮಾರ್ಚ್ 24, ಇಂಗ್ಲೆಂಡಿನ ಏಂಟ್ರಿ, ಗ್ರ್ಯಾಂಡ್ ನ್ಯಾಷನಲ್ ರೇಸು. ರಾಜಮಾತೆಯ ಕುದುರೆ ಡೆವನ್ ಲಾಕ್ 30 ತಡೆಬೇಲಿಗಳನ್ನೂ ಹಾರಿ ಎಲ್ಲರಿಗಿಂತ ಮುಂದಿತ್ತು. ಗೆಲುವಿನ ಕಂಬಕ್ಕೆ ಸುಮಾರು 50 ಗಜ ಉಳಿದಾಗ, ಅಡ್ಡಲಾಗಿ ಏನೂ ಇಲ್ಲದ ಬಯಲಲ್ಲಿ, ಹಾರುವ ಹಾಗೆ ಮಾಡಿ ಹೊಟ್ಟೆ ಮೇಲೆ ಕುಸಿಯಿತು. ಗೆದ್ದದ್ದು ಇ.ಎಸ್.ಬಿ. ಎಂಬ ಕುದುರೆ. ಅದರ ಹೆಸರನ್ನು ಈಗ ಹುಡುಕಿ ಹೇಳಬೇಕು. ಕುಸಿದ ಕುದುರೆಯ ಜಾಕಿ ಫ್ರಾನ್ಸಿಸ್ ಮರುವರ್ಷ ಆತ್ಮಕಥೆ ಬರೆದ, 1962ರಲ್ಲಿ ‘ಡೆಡ್ ಸರ್ಟ್’ ಎಂಬ ಕಾದಂಬರಿ ಬರೆದ, ಒಟ್ಟು 40ಕ್ಕೂ ಮಿಕ್ಕಿ ಪುಸ್ತಕ ಬರೆದ. ಡೆವನ್ ಲಾಕ್ ಹಿಂದಿನ ಜನ್ಮದಲ್ಲಿ ಯಾವ ಬಂಡೆಗೆ ಅಂಟಿತ್ತೆಂಬುದು ಓದುಗರಿಗೆ ಈಗಾಗಲೇ ಹೊಳೆದಿರಬೇಕು.

‘ಡೆಡ್ ಸರ್ಟ್’ ಶುರುವಾಗುವುದೇ ನಿಲುಗಡೆಯಿಂದ. ಬೇಲಿಗೆ ಯಾರೋ ತಂತಿ ಬಿಗಿದಿದ್ದಾರೆ. ಅಡ್ಮಿರಲ್ ಎಂಬ ಕುದುರೆ ಉರುಳುತ್ತದೆ, ಸವಾರ ಸಾಯುತ್ತಾನೆ. ಕರೆಂಟು ಹೋಗಿ ಮಗ್ಗ ನಿಂತ ಹೊತ್ತಿನಲ್ಲಿ (ನೋಡಿ, ಮತ್ತೆ ಸಿದ್ಧಾಂತ!) ಇದನ್ನು ನೇಕಾರ ಕಾಕಾನಿಗೆ ಹೇಳಿದೆ. ಹಾಸಿನ ಎಳೆಗಳ ಮೇಲೆ ಜೀವಮಾನವಿಡೀ ಕಣ್ಣಿಟ್ಟ ಕಾಕಾ ಬೆಚ್ಚಲಿಲ್ಲ, ಅಯ್ಯೋ ಅನ್ನಲಿಲ್ಲ. “ಬಿಗಿ ಎಷ್ಟಿತ್ರಿ ಮಾಸ್ತರ? ಯಾವ ಕಡಿಂದ ಕಟ್ಟಿದ್ದಾ?” ಎಂದ. ಇಂಥ ಸಹೃದಯ ಆನಂದವರ್ಧನನಿಗೂ ಸಿಕ್ಕಿರಲಾರ.

ಇನ್ನೊಂದು ಪುರಾವೆ. ಈ ಸೀಮೆಯ ಎತ್ತಿನ ಗಾಡಿ ಶರ್ಯತ್ತಿಗೆ 2014ರ ಮೇ 7ರಂದು ಸುಪ್ರೀಂ ಕೋರ್ಟು ತಡೆ ಹಾಕಿತು, 2021ರ ಡಿಸೆಂಬರ್ 16ರಂದು ಮತ್ತೆ ಅನುಮತಿ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಎತ್ತುಗಳು ಓಡಿದ ವೇಗ ಯಾವ ಮೈದಾನವೂ ಕಂಡಿಲ್ಲ. ಈಗ ಶರ್ಯತ್ತು ನಡೆಯುತ್ತದೆ, ಮಾತು ಸೊರಗಿದೆ.

ಕುದುರೆ ಓಟ ಅದೃಷ್ಟದ್ದಲ್ಲ, ಕೌಶಲದ ಆಟವೆಂದು ಅದೇ ಕೋರ್ಟು 1996ರಲ್ಲಿ ಹೇಳಿದೆ. ಹಳೆಯ ಪುಸ್ತಕ ಕೊಳ್ಳುವುದರ ಬಗ್ಗೆ ಏನೂ ಹೇಳಿಲ್ಲ. ಅದು ಅಪ್ಪಟ ಜೂಜು. ನನ್ನ ಪ್ರತಿಯಲ್ಲಿ ಕೊನೆಯ 16 ಪುಟಗಳಿಲ್ಲ.

ಸಿದ್ಧಾಂತದ ಪ್ರಕಾರ ನನಗಿದು ಪರಮಾನಂದದ ಸ್ಥಿತಿ. ಆದರೆ ಕಾಕಾ ಸಿದ್ಧಾಂತ ಓದಿಲ್ಲ. ಕರೆಂಟು ಹೋದಾಗಲೆಲ್ಲ ಬಂದು “ತಂತಿ ಕಟ್ಟಿದಾಂವ ಯಾಂವ್ರಿ?” ಎಂದು ಕೇಳುತ್ತಾನೆ. ‘ಡೆಡ್ ಸರ್ಟ್’ನ ಇಡೀ ಪ್ರತಿ ಯಾರಲ್ಲಾದರೂ ಇದ್ದರೆ ಎರಡು ದಿನದ ಮಟ್ಟಿಗೆ ಕಳಿಸಿಕೊಡಿ. ಅಂಚೆ ಖರ್ಚು ನನ್ನದು.