ಎರಡು ಸಲ ಬೆಳಗಾದ ಏಕಾದಶಿ

ನಮ್ಮ ಸೋದರತ್ತೆಗೆ ಕಿಲೋಮೀಟರಿನ ಲೆಕ್ಕ ತಲೆಗೆ ಹತ್ತುವುದಿಲ್ಲ. ತೋಟ ಕೂಗಳತೆ, ಸಂತೆ ಒಂದು ಹರದಾರಿ, ಮೈಸೂರು ಮೂರು ಗಂಟೆ. ಅಲ್ಲಿಗೆ ಅವರ ಭೂಗೋಳ ಮುಗಿಯಿತು. ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಾಗ, "ಎಷ್ಟು ದೂರವೋ?" ಎಂದರು. ಸುಮಾರು 14,000 ಕಿಲೋಮೀಟರು. ಹರದಾರಿಗೆ ಮೂರು ಮೈಲಿ ಹಿಡಿದು, "2,900 ಹರದಾರಿ" ಎಂದೆ.

ಅತ್ತೆ ಟಿಕೆಟ್ ಇಸಿದುಕೊಂಡು ನೋಡಿದರು. ಬೆಂಗಳೂರು ಬಿಡುವುದು ಮಧ್ಯಾಹ್ನ 2ಕ್ಕೆ, ಅಲ್ಲಿಳಿಯುವುದು ಅದೇ ತಾರೀಖು ಸಂಜೆ 4.30ಕ್ಕೆ. "ಎರಡೂವರೆ ಗಂಟೆ! ಮೈಸೂರಿಗಿಂತ ಹತ್ತಿರವಲ್ಲೋ! ಇದಕ್ಕಾ ಇಷ್ಟು ದುಡ್ಡು ಸುರಿದೆ?"

ಹಾರುವುದು 16 ಗಂಟೆ, ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಎಂದು ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಅಗ್ಗಕ್ಕೆ ಸಿಕ್ಕಿತೆಂದು ನಾನು ಹಿಡಿದಿದ್ದ ದಿನ ಏಕಾದಶಿ. ಅತ್ತೆ ಬೆರಳು ಮಡಿಚಿದರು. "ಇಪ್ಪತ್ನಾಲ್ಕಕ್ಕೆ ಹದಿಮೂರೂವರೆ. ಮೂವತ್ತೇಳೂವರೆ ಗಂಟೆ ಉಪವಾಸವೇನೋ, ಪಾಪಿ?"

ಜೊತೆಗೆ ಹೋಗಿದ್ದು ನಾನೇ. ಪೂರ್ವಕ್ಕೆ ಹಾರುವ ವಿಮಾನಕ್ಕೆ ಬೇಗ ಕತ್ತಲಾಗುತ್ತದೆ, ಬೇಗ ಬೆಳಗೂ ಆಗುತ್ತದೆ. ಪೆಸಿಫಿಕ್ ಮೇಲೆ ಸೂರ್ಯ ಇಣುಕಿದ್ದೇ ಅತ್ತೆ ನನ್ನ ತೋಳು ತಿವಿದರು. "ದ್ವಾದಶಿ ಬಂತು. ಪಾರಣೆ ಮಾಡಲಾ?"

ಅವರ ವಾಚಿನಲ್ಲಿ ಬೆಂಗಳೂರಿನ ನಡುರಾತ್ರಿ ದಾಟಿತ್ತು, ಅಷ್ಟೆ. ಕಿಟಕಿಯಲ್ಲಿ ಬೆಳಗು. ದಿನರೇಖೆ ದಾಟಿದ್ದರಿಂದ ತಾರೀಖು ಮಾತ್ರ ನಿನ್ನೆಯದೇ. "ಇವತ್ತೂ ನಿನ್ನೆಯೇ, ಅತ್ತೆ" ಎಂದೆ.

"ತಿಥಿ ಚಂದ್ರನದು. ಅವನೇನು ನಿನ್ನ ಕ್ಯಾಲೆಂಡರ್ ನೋಡುತ್ತಾನಾ?"

ಮಾತು ನಿಜ. ಚಂದ್ರ ಸೂರ್ಯರ ನಡುವಿನ ಅಂತರದಿಂದ ಹುಟ್ಟುವ ತಿಥಿ ಭೂಮಿಗೆಲ್ಲ ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ಆದರೆ ಪಾರಣೆಗೆ ಯಾವ ಊರಿನ ಸೂರ್ಯೋದಯ? ಕೆಳಗೆ ನೋಡಿದರೆ ಊರೇ ಇಲ್ಲ, ಬರೀ ನೀರು. ಅತ್ತೆ ತಟ್ಟೆಯನ್ನು ನನ್ನತ್ತ ಸರಿಸಿ ನೀರು ಕುಡಿದರು. ನಾನು ಎರಡು ತಟ್ಟೆ ತಿಂದೆ. ಕೊನೆಗೆ ಪಾರಣೆಯಾದದ್ದು ಮಗಳ ಮನೆಯಲ್ಲಿ, ಬೆಂಗಳೂರಿನಲ್ಲಿ ಬೆಳಗಾದ ಮೇಲೆ, ಅಲ್ಲಿ ದೀಪ ಹಚ್ಚುವ ಹೊತ್ತಿಗೆ.

ಫೆಬ್ರವರಿಯಲ್ಲಿ ಕರೆತರಲು ಹೋದವನೂ ನಾನೇ. ಮಕ್ಕಳ ಗೋಳದ ಮೇಲೆ ಈ ಎರಡು ಊರಿಗೆ ಹೂ ಕಟ್ಟುವ ನೂಲು ಎಳೆದು ಹಿಡಿದರೆ ಅದು ಉತ್ತರ ಧ್ರುವದ ಹತ್ತಿರಕ್ಕೇ ಜಾರುತ್ತದೆ. ಹೋಗುವಾಗ ಬೆನ್ನಿಗೆ ಬಂದ ಪಶ್ಚಿಮದ ಗಾಳಿ ಬರುವಾಗ ಎದುರಾಗುತ್ತದಲ್ಲ, ಆ ದಾರಿ ಹಾಗೆ ಬಳಕೆಗೆ ಬರುತ್ತದೆ. 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ನೇತೃತ್ವದ ಹೆಣ್ಣುಮಕ್ಕಳ ತಂಡ ಏರ್ ಇಂಡಿಯಾದ ಈ ಮಾರ್ಗದ ಮೊದಲ ವಿಮಾನವನ್ನು ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿತ್ತು. ಇದನ್ನು ಹೇಳಿದಾಗ ಅತ್ತೆ ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕೂತರು.

ಹತ್ತಿದ್ದು ಶುಕ್ರವಾರ ರಾತ್ರಿ 8.30ಕ್ಕೆ. ದೇವನಹಳ್ಳಿಯಲ್ಲಿ ಇಳಿದಾಗ ಭಾನುವಾರದ ನಸುಕು, 3.30.

"ನನ್ನ ಶನಿವಾರ ಎಲ್ಲೋ? ಒಪ್ಪತ್ತು ಇತ್ತು."

"ಏಕಾದಶಿಗೆ ಹದಿಮೂರೂವರೆ ಗಂಟೆ ಸಾಲ ತಂದಿದ್ದಿರಲ್ಲ ಅತ್ತೆ, ಹಿಡಿದುಕೊಂಡರು."

ಅತ್ತೆ ಮತ್ತೆ ಬೆರಳು ಮಡಿಚಿದರು. ಹೋಗುವಾಗ ಹದಿನಾರು, ಬರುವಾಗ ಹದಿನೇಳೂವರೆ.

"ಒಂದೂವರೆ ಗಂಟೆ ಬಡ್ಡಿಯೂ ಹಾಕಿದ್ದಾರಲ್ಲೋ!"