ಸೊಸೆಗೆ ಚಪ್ಪಾಳೆ

ಅಮೆರಿಕದಲ್ಲಿ ನಮ್ಮವರ ತೂಕಕ್ಕೂ ಬೇರೆ ಕ್ಯೂ ಇದೆ ಅಂತ ಗೊತ್ತಾದದ್ದು ಸನಿವೇಲ್‌ನ ನಮ್ಮ ಡಾಕ್ಟರ ಹತ್ತಿರ. ಪಕ್ಕದ ಮನೆಯ ಬಿಳಿ ಹೆಂಗಸಿಗಾದರೆ ಬಿಎಂಐ 25 ಆದಮೇಲೆ ಸಕ್ಕರೆ ಕಾಯಿಲೆಯ ವಿಚಾರಣೆ. ಏಷ್ಯಾದ ನಮಗೆ 23ಕ್ಕೇ ಶುರು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೀಗೆ ಗೆರೆ ಇಳಿಸಿದೆಯಂತೆ. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯಿಸುವ ದೇಶ ಇದೊಂದರಲ್ಲಿ ಮಾತ್ರ ನಮ್ಮನ್ನು ಮುಂದಕ್ಕೆ ಕರೆದು ನಿಲ್ಲಿಸಿದೆ.

ತೂಕ ಇಳಿಸಲು ಜಿಮ್ಮೇ ಗತಿ. ಮಾಮೂಲಿ ಜಿಮ್ಮಿನ ಸುಖ ನಾನು ಕಂಡವಳೇ. ಜನವರಿಯಲ್ಲಿ ಸೇರಿ, ಫೆಬ್ರವರಿಯಿಂದ ಆ ಕಡೆ ತಲೆ ಹಾಕದಿದ್ದರೂ ಯಾರೂ ಕೇಳುವುದಿಲ್ಲ. ದುಡ್ಡು ಮಾತ್ರ ತಿಂಗಳು ತಿಂಗಳು ಕಾರ್ಡಿನಿಂದ ಸದ್ದಿಲ್ಲದೆ ಹೋಗುತ್ತಿರುತ್ತದೆ. ಅದಕ್ಕೇ ಇವರು ಈ ಸಲ ಚೆನ್ನಾಗಿ ಯೋಚಿಸಿ, ಎಲ್ಲರೂ ಒಟ್ಟಿಗೆ ಬೆವರುವ ಕ್ರಾಸ್‌ಫಿಟ್ ಥರದ ಜಿಮ್ಮಿಗೆ ನನ್ನನ್ನು ಸೇರಿಸಿದರು. (ಇವರು ಸೇರಲಿಲ್ಲ. ಇವರಿಗೆ ಬೆನ್ನುನೋವು, ಕ್ರಿಕೆಟ್ ಇರುವ ಭಾನುವಾರ ಬಿಟ್ಟು.)

ಗೋದಾಮಿನಂಥ ಜಾಗ. ಕನ್ನಡಿಯಿಲ್ಲ, ಟೀವಿಯಿಲ್ಲ, ಮುಖ್ಯವಾಗಿ ಹಿಂದೆ ಅವಿತುಕೊಳ್ಳಲು ಒಂದು ಕಂಬವಿಲ್ಲ. ಗೋಡೆಯ ಬಿಳಿ ಬೋರ್ಡಿನ ಮೇಲೆ ಎಲ್ಲರ ಹೆಸರು, ಎದುರಿಗೆ ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರೆಂಬ ಲೆಕ್ಕ. ಒಂದು ದಿನ ಚಕ್ಕರ್ ಹೊಡೆದರೆ ಮೆಸೇಜುಗಳ ಸುರಿಮಳೆ: ಎಲ್ಲಿದ್ದೀಯ, ಯಾಕೆ ಬರಲಿಲ್ಲ, ಹುಷಾರಾಗಿದ್ದೀಯ ತಾನೆ? ಇಂಥ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲೆಂದೇ ಮೈಸೂರಿನ ತುಂಬಿದ ಮನೆ ಬಿಟ್ಟು ಸಮುದ್ರ ದಾಟಿ ಬಂದವಳು ನಾನು. ಈಗ ಅದೇ ಪ್ರಶ್ನೆಗಳನ್ನು ಡಾಲರ್ ಕೊಟ್ಟು ಕೇಳಿಸಿಕೊಳ್ಳುತ್ತಿದ್ದೇನೆ.

ಮೊದಲ ದಿನ ಅತ್ತೆಯೂ ಜೊತೆಗೆ ಹೊರಟರು. ಆರು ತಿಂಗಳಿಗೆಂದು ಬಂದವರಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಸೀರೆ, ಅದರ ಮೇಲೆ ಸ್ವೆಟರ್, ತಲೆಗೆ ಮಫ್ಲರ್, ಕಾಲಿಗೆ ಮೊಮ್ಮಗನ ಹಳೇ ಶೂ. ಮೂಲೆಯ ಕುರ್ಚಿಯಲ್ಲಿ ಕೂತವರೇ ಇಡೀ ಜಿಮ್ಮಿನ ಮೇಲೆ ಒಂದು ಕಣ್ಣಿಟ್ಟರು.

ಕೋಚ್, ನನ್ನ ಮಗನಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ ಹೆಸರು ಹೇಳಿಸಿದಳು. ಆಮೇಲೆ ಯಾವ ಐಸ್‌ಕ್ರೀಂ ಇಷ್ಟ ಎಂದಳು. ಬೋರ್ಡಿನಲ್ಲಿ ಬರೆದಿದ್ದ ಆ ದಿನದ ಕಸರತ್ತನ್ನು ಅಷ್ಟರಲ್ಲಿ ಓದಿಬಿಟ್ಟಿದ್ದ ನನಗೆ ನೀರು ಸಾಕು ಅನ್ನಿಸಿತ್ತು.

ಕೆಟಲ್‌ಬೆಲ್ ಎಂಬುದನ್ನು ಕೈಗೆ ಕೊಟ್ಟಳು. ಹೊಸಬರಿಗೆ ಎಂಟು ಕೆ.ಜಿ.ಯದು. ಎರಡು ಕೈಯಲ್ಲೂ ಹಿಡಿದು ಕಾಲ ಸಂದಿಯಿಂದ ಎದೆಯವರೆಗೆ ಬೀಸಬೇಕು. ಮೂಲೆಯಿಂದ ಅತ್ತೆಯ ದನಿ:

"ಒರಳುಗುಂಡಿಗೆ ಹಿಡಿ ಹಾಕಿಸಿದ ಹಾಗಿದೆಯಲ್ಲೇ! ದೋಸೆಗೆ ರುಬ್ಬು ಅಂದಾಗ ರಟ್ಟೆನೋವು, ಮಿಕ್ಸಿನೇ ಬೇಕು ಅಂದವಳು ನೀನೇ ತಾನೆ?"

ಕನ್ನಡ ಯಾರಿಗೂ ಬರದ ಜಿಮ್ಮಿನ ಒಂದು ಉಪಕಾರ ಇದು.

ಆಮೇಲೆ ಬರ್ಪಿ. ಕುಕ್ಕರುಗಾಲಿನಲ್ಲಿ ಕೂತು, ಕೈಯೂರಿ, ಕಾಲು ಹಿಂದಕ್ಕೆ ಚಾಚಿ, ಮಲಗಿ, ಎದ್ದು, ಹಾರಬೇಕು. ಇದನ್ನು 1930ರ ದಶಕದಲ್ಲಿ ಹುಟ್ಟುಹಾಕಿದ್ದು ನ್ಯೂಯಾರ್ಕಿನ ಶರೀರಶಾಸ್ತ್ರಜ್ಞ ರಾಯಲ್ ಬರ್ಪಿ. ಪಾಪ, ಅವರ ತಪ್ಪೇನಿಲ್ಲ. ಮಲಗುವುದು, ಹಾರುವುದು ಅವರದಲ್ಲ. ನಾಲ್ಕೇ ನಾಲ್ಕು ಸಲ ಮಾಡಿ ಎದೆಬಡಿತ ನೋಡಿಕೊಳ್ಳಿ ಅಂದಿದ್ದರು, ಅಷ್ಟೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಸೈನ್ಯದವರ ಕೈಗೆ ಸಿಕ್ಕಿತು. ನಾಲ್ಕರ ಲೆಕ್ಕ ಅಲ್ಲಿಗೆ ಕೆಟ್ಟಿತು.

ಒಬ್ಬೊಬ್ಬರೇ ಮುಗಿಸಿ ನೆಲಕ್ಕುರುಳಿದರು. ನಾನೊಬ್ಬಳು ಉಳಿದೆ. ನಮ್ಮ ಶಾಲೆಯಲ್ಲಿ ಚಪ್ಪಾಳೆ ಮೊದಲ ರ‍್ಯಾಂಕಿಗೆ, ಕೊನೆಯವರಿಗೆ ಬೆಂಚಿನ ಮೇಲೆ ನಿಲ್ಲುವ ಭಾಗ್ಯ. ಇಲ್ಲಿ ಎಲ್ಲ ತಿರುಗುಮುರುಗು. ಕೊನೆಯವರು ಮುಗಿಸುವ ತನಕ ಯಾರೂ ಮನೆಗೆ ಹೊರಡುವುದಿಲ್ಲ. ಎದ್ದು ಬಂದು ಸುತ್ತುಗಟ್ಟಿ, ಹೆಸರು ಕೂಗಿ, ಚಪ್ಪಾಳೆ ತಟ್ಟುತ್ತಾರೆ. ಅದು ಅವರ ಸಂಪ್ರದಾಯ, ಒಳ್ಳೆಯ ಮನಸ್ಸಿನದೇ. ನನಗೆ ಮಾತ್ರ ಸದ್ದಿಲ್ಲದೆ ಸಾಯಲು ಬಿಟ್ಟಿದ್ದರೆ ಸಾಕಿತ್ತು. ಕಣ್ಣು ಕತ್ತಲೆ ಬರುವಾಗ ಕಂಡದ್ದು, ಗುಂಪಿನ ನಡುವೆ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ ಮಫ್ಲರು.

ರಾತ್ರಿ ಅತ್ತೆ ಮಗಳಿಗೆ ಮೈಸೂರಿಗೆ ಫೋನ್ ಹಚ್ಚಿದರು.

"ಹೂಂ ಕಣೇ, ಇಷ್ಟೆತ್ತರದ ಗಂಡಸರೆಲ್ಲ ಸುಸ್ತಾಗಿ ನಿಲ್ಲಿಸಿಬಿಟ್ಟರು. ನಿಮ್ಮತ್ತಿಗೆ ಒಬ್ಬಳೇ ಬಿಡದೆ ಮಾಡ್ತಾನೇ ಇದ್ದಳು! ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು."

ಇವರು ಏನೋ ಹೇಳಲು ಬಾಯಿ ತೆರೆದರು. ಬಿಸಿನೀರಿನ ಚೀಲದ ಮೇಲೆ ಮಲಗಿದ್ದಲ್ಲಿಂದಲೇ ಕಣ್ಣು ದೊಡ್ಡದು ಮಾಡಿದೆ, ಮುಚ್ಚಿದರು. ಅತ್ತೆ ನನ್ನನ್ನು ಊರಿಗೆ ಕೇಳುವಂತೆ ಹೊಗಳುವುದು ದಿನಾ ಆಗುವ ಕೆಲಸವೇ?

ಬೆಳಗಾಗುವಷ್ಟರಲ್ಲಿ ನಾದಿನಿಯ ವಾಟ್ಸಾಪ್ ಬಂದಿತ್ತು: "ಅತ್ತಿಗೆ, ಕಂಗ್ರಾಟ್ಸ್! ಮೆಡಲ್ ಫೋಟೋ ಕಳಿಸಿ."